ಸಾವು ಮೊದ್ಲೇ ಬರೆದಿಟ್ಟಿದ್ರೆ ಅಕಿಲೀಸ್ ಮಾಡಿದ ತಪ್ಪೇನು, ಹೆಕ್ಟರ್ ತೋರಿಸಿದ ವೀರತನ ಯಾವ್ದು?

ಪ್ರಶ್ನೆ: ಮೇಡಂ, ನಾನು ಇಂಗ್ಲಿಷ್ ಎಂ.ಎ. ಮಾಡ್ತಿದೀನಿ. ಮುಂದಿನ ವಾರ ಹೋಮರ್‌ನ ಇಲಿಯಡ್ ಮೇಲೆ 15 ನಿಮಿಷದ ಸೆಮಿನಾರ್ ಕೊಡ್ಬೇಕು, ಟಾಪಿಕ್ 'ಗ್ರೀಕ್ ಮಹಾಕಾವ್ಯದಲ್ಲಿ ವೀರತನ, ಅಹಂಕಾರ, ವಿಧಿ'. ನಾನು ತಗೊಂಡಿರೋ ಗೈಡ್‌ನಲ್ಲಿ ಒಂದ್ ಕಡೆ ಗ್ರೀಕ್ ವೀರ ಅಕಿಲೀಸ್‌ನ ಪತನಕ್ಕೆ ಅವನ ಅಹಂಕಾರವೇ ಕಾರಣ, ಅದೇ ಹ್ಯೂಬ್ರಿಸ್, ಅದಕ್ಕೇ ದೇವತೆಗಳು ಶಿಕ್ಷೆ ಕೊಟ್ರು ಅಂತಿದೆ, ಎರಡು ಪುಟ ತಿರುಗಿಸಿದ್ರೆ ಮನುಷ್ಯರೆಲ್ಲ ವಿಧಿಯ ಕೈಗೊಂಬೆಗಳು ಅಂತಿದೆ. ಎರಡೂ ಒಟ್ಟಿಗೆ ಹೇಗೆ ನಿಜ ಆಗತ್ತೆ? ಎಲ್ಲಾ ವಿಧಿನೇ ಆದ್ರೆ ಅಹಂಕಾರಕ್ಕೆ ಬೈಯೋದ್ಯಾಕೆ, ವೀರತನಕ್ಕೆ ಹೊಗಳೋದ್ಯಾಕೆ? ನಮ್ಮಜ್ಜ ಬೇರೆ ಕಥೆ ಕೇಳಿ 'ಇವ್ನು ನಮ್ ಕರ್ಣನೇ ಬಿಡೋ' ಅಂದ್ರು. ನಾನು ಯಾವ ಪಕ್ಷ ಹಿಡೀಲಿ? ಹಿಮ್ಮಡಿ ಕಥೆ, ಮರದ ಕುದುರೆ ಎಲ್ಲಾ ಸೇರಿಸ್ಬೇಕಾ?

ಉತ್ತರ: ನಿಮ್ಮ ಗೊಂದಲ ಸರಿಯಾಗೇ ಇದೆ, ಗೊಂದಲ ಇರೋದು ಗೈಡ್‌ನಲ್ಲಿ. ಈ ಪದ್ಯ ಪಾಠ ಮಾಡೋವಾಗ ಪ್ರತಿ ಬ್ಯಾಚ್‌ನಲ್ಲೂ ಯಾರಾದ್ರೂ ಒಬ್ರು ಇದೇ ಪ್ರಶ್ನೆ ಕೇಳ್ತಾರೆ, ಕೇಳದೇ ಇದ್ದ ವರ್ಷ ನಂಗೇ ಸ್ವಲ್ಪ ಬೇಜಾರಾಗತ್ತೆ. ನೀವು ಕೇಳ್ತಿರೋದನ್ನ ಬಿಡಿಸಿದ್ರೆ ಇಷ್ಟು: ಫಲಿತಾಂಶ ಮೊದಲೇ ಗೊತ್ತಿರೋ ಆಟದಲ್ಲಿ ಆಡೋನ ಗುಣದೋಷಕ್ಕೆ ಏನು ಬೆಲೆ? ಅದಕ್ಕೆ ಹೋಗೋ ಮುಂಚೆ ಸ್ವಲ್ಪ ಕಸ ಗುಡಿಸೋಣ.

ಹಿಮ್ಮಡಿ ಇಲಿಯಡ್‌ನಲ್ಲಿ ಇಲ್ಲ. ಅಕಿಲೀಸ್‌ನ ತಾಯಿ ಥೆಟಿಸ್ ಮಗೂನ ಪಾತಾಳದ ಸ್ಟಿಕ್ಸ್ ನದೀಲಿ ಅದ್ದಿದ್ಲು, ಹಿಡ್ಕೊಂಡಿದ್ದ ಹಿಮ್ಮಡಿ ಮಾತ್ರ ನೆನೀಲಿಲ್ಲ, ಅದಕ್ಕೇ ಅಲ್ಲಿ ಬಿಟ್ಟು ಬೇರೆಲ್ಲೂ ಗಾಯ ಆಗಲ್ಲ ಅನ್ನೋ ಕಥೆ ನಮಗೆ ಸಿಗೋದು ಕ್ರಿ.ಶ. 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ, ಅಂದ್ರೆ ಹೋಮರ್ ಆಗಿ ನೂರಾರು ವರ್ಷ ಆದ್ಮೇಲೆ. ಹೋಮರ್‌ನ ಅಕಿಲೀಸ್‌ಗೆ ಗಾಯ ಆಗತ್ತೆ, 21ನೇ ಪುಸ್ತಕದಲ್ಲಿ (ಅಂದ್ರೆ ಅಧ್ಯಾಯದಲ್ಲಿ) ಮೊಣಕೈ ಹತ್ರ ಈಟಿ ತರಚಿ ರಕ್ತ ಬರತ್ತೆ. ಇದು ಸಣ್ಣ ವಿಷ್ಯ ಅನ್ಕೋಬೇಡಿ, ಮೈಗೆ ಏನೂ ಆಗಲ್ಲ ಅಂತ ಗೊತ್ತಿರೋನು ಯುದ್ಧಕ್ಕೆ ಹೋದ್ರೆ ಅದ್ರಲ್ಲಿ ಏನು ವೀರತನ? ಮರದ ಕುದುರೆನೂ ಇಲಿಯಡ್‌ನಲ್ಲಿ ಬರಲ್ಲ, ಹೋಮರ್‌ನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ನೆನಪಿಸ್ಕೋತಾರೆ, ವಿಸ್ತಾರವಾಗಿ ಸಿಗೋದು ರೋಮನ್ ಕವಿ ವರ್ಜಿಲ್‌ನ ಈನಿಯಡ್‌ನ 2ನೇ ಪುಸ್ತಕದಲ್ಲಿ. ಅಷ್ಟೇ ಯಾಕೆ, ಅಕಿಲೀಸ್ ಸಾಯೋದೂ ಇಲಿಯಡ್‌ನಲ್ಲಿ ಇಲ್ಲ, ಗ್ರೀಕರು ಟ್ರಾಯ್ ನಗರದ ಮೇಲೆ ಮಾಡಿದ ಹತ್ತು ವರ್ಷದ ಯುದ್ಧದ ಕೊನೇ ವರ್ಷದಲ್ಲಿ ಐವತ್ತು ಚಿಲ್ಲರೆ ದಿನದ ಕಥೆ ಅದು, 24 ಪುಸ್ತಕ, ಹದಿನೈದು ಸಾವಿರ ಚಿಲ್ಲರೆ ಸಾಲು, ಮುಗಿಯೋದು ಟ್ರಾಯ್‌ನ ರಾಜಕುಮಾರ, ಶತ್ರು ಹೆಕ್ಟರ್‌ನ ಶವಸಂಸ್ಕಾರದಲ್ಲಿ. ಹಾಗಾಗಿ 'ಅಕಿಲೀಸ್‌ನ ಪತನ' ಅಂತ ಗೈಡ್ ಬರೆದಿದೆಯಲ್ಲ, ಯಾವ ಪತನ ಅಂತ ಕೇಳಿ ನೋಡಿ, ಪದ್ಯ ಮುಗಿದಾಗ ಅವನು ಬದುಕೇ ಇದಾನೆ.

ಇನ್ನು ಹ್ಯೂಬ್ರಿಸ್. ಸೊಕ್ಕಿದ ಮನುಷ್ಯ, ಸಿಟ್ಟಾದ ದೇವರು, ಢಮಾರ್ ಅಂತ ಶಿಕ್ಷೆ ಅನ್ನೋ ಫಾರ್ಮುಲಾ ಪರೀಕ್ಷೆಗೆ ಅನುಕೂಲ ಅಷ್ಟೆ. ಗ್ರೀಕರಿಗೆ ಇದು ಮುಖ್ಯವಾಗಿ ಇನ್ನೊಬ್ರ ಮೇಲೆ ಎಸಗೋ ಅವಮಾನ, ಮನಸ್ಸಿನೊಳಗಿನ ಹೆಮ್ಮೆ ಅಲ್ಲ. ಲಾಭಕ್ಕಲ್ಲ, ಬರೀ ಖುಷಿಗೆ ಇನ್ನೊಬ್ರ ಮಾನ ಕಳೆಯೋದು ಅಂತ ಅರಿಸ್ಟಾಟಲ್ ವಿವರಿಸ್ತಾನೆ, ಅಥೆನ್ಸ್‌ನಲ್ಲಿ ಇದರ ಮೇಲೆ ಕೇಸ್ ಹಾಕ್ಬಹುದಿತ್ತು, ಉತ್ಸವದ ದಿನ ತುಂಬಿದ ಥಿಯೇಟರ್‌ನಲ್ಲಿ ಮಿಡಿಯಸ್ ಅನ್ನೋನು ಡೆಮಾಸ್ತನೀಸ್‌ನ ಮುಖಕ್ಕೆ ಗುದ್ದಿದ್ದಕ್ಕೆ ಆ ದೊಡ್ಡ ಭಾಷಣಕಾರ ಇಡೀ ಭಾಷಣವನ್ನೇ ಬರೆದ. ಇಲಿಯಡ್‌ನ 1ನೇ ಪುಸ್ತಕದಲ್ಲಿ ಈ ಆರೋಪ ಯಾರ ಮೇಲೆ ಬರತ್ತೆ ಗೊತ್ತಾ? ಗ್ರೀಕ್ ಸೇನೆಯ ಮುಖ್ಯಸ್ಥ ಅಗಮೆಮ್ನಾನ್ ಮೇಲೆ. ಹೊರಿಸೋನು ಅಕಿಲೀಸ್! ಅಲ್ಲಿಗೆ ಗೈಡ್ ಆರೋಪಿ ಮತ್ತೆ ದೂರುದಾರ ಇಬ್ರನ್ನೂ ಅದಲುಬದಲು ಮಾಡಿದೆ.

ಅಕಿಲೀಸ್‌ಗೆ ಅಹಂಕಾರ ಇಲ್ವಾ ಹಾಗಾದ್ರೆ? ಇದೆ, ಬೇಕಾದಷ್ಟಿದೆ. ಆದ್ರೆ ಆ ಸಮಾಜದಲ್ಲಿ ಮರ್ಯಾದೆ ಅನ್ನೋದು ಕಣ್ಣಿಗೆ ಕಾಣೋ ವಸ್ತು, ಲೂಟಿಯ ಪಾಲು, ಊಟದಲ್ಲಿ ಮಾಂಸದ ಒಳ್ಳೇ ತುಂಡು, ಮುಂದಿನ ಸಾಲಿನ ಕುರ್ಚಿ. 12ನೇ ಪುಸ್ತಕದಲ್ಲಿ ಟ್ರೋಜನ್ ಕಡೆಯ ಸಾರ್ಪೆಡಾನ್ ತನ್ನ ಗೆಳೆಯ ಗ್ಲಾಕಸ್‌ಗೆ ಇದನ್ನೇ ಬಿಡಿಸಿ ಹೇಳ್ತಾನೆ, ನಮ್ಮೂರಲ್ಲಿ ಜನ ನಮ್ಗೆ ಯಾಕೆ ಇಷ್ಟೆಲ್ಲ ಕೊಡ್ತಾರೆ, ಮುಂದೆ ನಿಂತು ಹೊಡೆದಾಡ್ತೀವಿ ಅಂತ ತಾನೇ, ಸಾವೇ ಬರಲ್ಲ ಮುಪ್ಪೇ ಬರಲ್ಲ ಅಂತಿದ್ರೆ ನಾನೂ ಮುಂದೆ ಹೋಗ್ತಿರ್ಲಿಲ್ಲ ನಿನ್ನನ್ನೂ ಕಳಿಸ್ತಿರ್ಲಿಲ್ಲ, ಸಾವು ಹೇಗೂ ಸಾವಿರ ರೂಪದಲ್ಲಿ ಪಕ್ಕದಲ್ಲೇ ನಿಂತಿದೆ, ನಡಿ ಹೋಗೋಣ. ವಿಧಿ ಮತ್ತೆ ವೀರತನದ ಸಂಬಂಧ ಇಷ್ಟು ಕ್ಲಿಯರ್ ಆಗಿ ಬೇರೆಲ್ಲೂ ಸಿಗಲ್ಲ. ಸಾವು ಖಚಿತ ಅನ್ನೋದು ಇಲ್ಲಿ ಕೈಚೆಲ್ಲಿ ಕೂರೋಕೆ ನೆಪ ಆಗ್ದೆ ಎದ್ದು ಹೋಗೋಕೆ ಕಾರಣ ಆಗತ್ತೆ.

ಅಂಥಾ ಲೋಕದಲ್ಲಿ ಅಗಮೆಮ್ನಾನ್ ಅಕಿಲೀಸ್‌ನ ಪಾಲಿಗೆ ಬಂದಿದ್ದ ಸೆರೆಯಾಳು ಬ್ರೈಸೀಸ್‌ಳನ್ನ ಕಿತ್ಕೋತೀನಿ ಅಂತ ತುಂಬಿದ ಸಭೇಲಿ ಹೇಳಿ ಹಾಗೇ ಮಾಡ್ತಾನೆ, ಸಿಟ್ಟಿಗೆ ಅಕಿಲೀಸ್ ಯುದ್ಧ ಬಿಟ್ಟು ಗುಡಾರದಲ್ಲಿ ಕೂರ್ತಾನೆ. ಬ್ರೈಸೀಸ್‌ಳ ಗಂಡನ್ನ ಕೊಂದಿದ್ದೇ ಅಕಿಲೀಸ್, ಮೂವರು ಅಣ್ತಮ್ಮಂದಿರೂ ಅದೇ ದಿನ ಸತ್ರು, ಇವಳಿಗೋಸ್ಕರ ಇಬ್ರು ನಾಯಕರು ಜಗಳ ಆಡ್ತಾರೆ, ಇವಳು ಬಾಯಿ ಬಿಡೋದು 19ನೇ ಪುಸ್ತಕದಲ್ಲಿ, ಅದೂ ಅಕಿಲೀಸ್‌ನ ಆಪ್ತ ಗೆಳೆಯ ಪ್ಯಾಟ್ರೋಕ್ಲಸ್‌ನ ಹೆಣದ ಮುಂದೆ ಅಳ್ತಾ. ಮರ್ಯಾದೆ ಬಗ್ಗೆ ಉದ್ದುದ್ದ ಬರೆಯೋರು ಇದನ್ನ ಒಂದು ಸಾಲಾದ್ರೂ ಹೇಳ್ಬೇಕು ಅಂತ ನನ್ನ ಅಭಿಪ್ರಾಯ.

ಈಗ ಕೈಗೊಂಬೆ ವಿಚಾರ. ಅದೇ ಜಗಳದಲ್ಲಿ ಅಕಿಲೀಸ್ ಕತ್ತಿ ಅರ್ಧ ಎಳೆದಿರ್ತಾನೆ, ಹಿಂದಿಂದ ದೇವತೆ ಅಥೀನಾ ಬಂದು ಕೂದ್ಲು ಹಿಡೀತಾಳೆ. ಪೂರ್ತಿ ಕೈಗೊಂಬೆ ಆಗಿದ್ರೆ ಅಲ್ಲಿಗೆ ಮುಗೀತು. ಆದ್ರೆ ಅವಳು ಹೇಳೋದು ನಿನ್ನ ಸಿಟ್ಟು ಇಳಿಸೋಕೆ ಬಂದಿದೀನಿ, ನೀನು ಕೇಳೋದಾದ್ರೆ ಅಂತ. ಕೇಳೋದಾದ್ರೆ! ಅವನು ಯೋಚ್ನೆ ಮಾಡಿ ಕೇಳ್ತಾನೆ. ಇನ್ನೊಂದು ಕಡೆ, 2ನೇ ಪುಸ್ತಕದಲ್ಲಿ ಗ್ರೀಕ್ ಸೈನಿಕರೆಲ್ಲ ಹಡಗು ಹತ್ತಿ ಊರಿಗೆ ಓಡೋಕೆ ಶುರು ಮಾಡ್ತಾರೆ, ದೇವರಾಜ ಜ್ಯೂಸ್‌ನ ಹೆಂಡ್ತಿ ಹೀರಾ ಅವರನ್ನ ತಡಿ ಅಂತ ಅಥೀನಾಗೆ ಹೇಳದೇ ಇದ್ದಿದ್ರೆ ವಿಧಿಯನ್ನೂ ಮೀರಿ ಅವರು ಮನೆ ಸೇರ್ತಿದ್ರು ಅಂತ ಹೋಮರ್ ಸಲೀಸಾಗಿ ಹೇಳ್ಬಿಡ್ತಾನೆ. 16ನೇ ಪುಸ್ತಕದಲ್ಲಿ ಜ್ಯೂಸ್ ತನ್ನ ಸ್ವಂತ ಮಗ ಸಾರ್ಪೆಡಾನ್ ಸಾಯೋ ಟೈಮ್ ಬಂದಾಗ ಎತ್ಕೊಂಡು ಹೋಗಿ ಉಳಿಸ್ಲಾ ಅಂತ ಒದ್ದಾಡ್ತಾನೆ, ಹೀರಾ ಮಾಡು, ಆದ್ರೆ ನಾವೆಲ್ಲ ಒಪ್ಪಲ್ಲ, ನಾಳೆ ಎಲ್ಲಾ ದೇವರೂ ತಂತಮ್ಮ ಮಕ್ಕಳನ್ನ ಉಳಿಸ್ಕೋತೀವಿ ಅಂತ ಬರ್ತಾರೆ ಅಂತಾಳೆ. ಜ್ಯೂಸ್ ಸುಮ್ನಾಗ್ತಾನೆ, ಭೂಮಿಗೆ ರಕ್ತದ ಮಳೆ ಸುರಿಸ್ತಾನೆ. ಅವನ ಕೈಲಿ ಆಗ್ತಿರ್ಲಿಲ್ವಾ, ಆಗ್ತಿದ್ರೂ ಮಾಡ್ಲಿಲ್ವಾ? ಹೋಮರ್ ಇದನ್ನ ತೀರ್ಮಾನ ಮಾಡಲ್ಲ, ಸೆಮಿನಾರ್‌ನಲ್ಲಿ ನೀವೂ ಮಾಡ್ಬೇಡಿ.

ಹಾಗಾದ್ರೆ ಏನು ಫಿಕ್ಸ್, ಏನು ಫಿಕ್ಸ್ ಅಲ್ಲ? ನಾನು ಓದ್ಕೊಂಡಿರೋ ಪ್ರಕಾರ ಸಾವು ಫಿಕ್ಸ್, ಟ್ರಾಯ್ ಬೀಳೋದು ಫಿಕ್ಸ್. ನಡುವೆ ಮನುಷ್ಯ ಹೇಗೆ ನಡ್ಕೋತಾನೆ ಅನ್ನೋದು ಫಿಕ್ಸ್ ಅಲ್ಲ. ಅಕಿಲೀಸ್‌ಗಂತೂ ಸಾವಿನಲ್ಲೇ ಎರಡು ದಾರಿ, ಅದನ್ನ ಅವನೇ 9ನೇ ಪುಸ್ತಕದಲ್ಲಿ ಹೇಳ್ತಾನೆ, ಇಲ್ಲೇ ಇದ್ದು ಹೋರಾಡಿದ್ರೆ ಊರಿಗೆ ವಾಪಸ್ ಹೋಗಲ್ಲ ಆದ್ರೆ ಕೀರ್ತಿ ಅಳಿಯಲ್ಲ, ಊರಿಗೆ ಹೋದ್ರೆ ಕೀರ್ತಿ ಹೋಗತ್ತೆ ಆಯುಸ್ಸು ಸಿಗತ್ತೆ.

ಆ 9ನೇ ಪುಸ್ತಕವನ್ನ ನಿಧಾನಕ್ಕೆ ಓದಿ, ಅಹಂಕಾರದ ಪ್ರಶ್ನೆ ನಿಜವಾಗಿ ಇರೋದು ಅಲ್ಲಿ. ಸೋಲ್ತಿರೋ ಅಗಮೆಮ್ನಾನ್ ರಾಜಿಗೆ ಮೂವರನ್ನ ಕಳಿಸ್ತಾನೆ, ಏಳು ಮೂರುಕಾಲಿನ ಪಾತ್ರೆ, ಹತ್ತು ಟ್ಯಾಲೆಂಟ್ (ಆಗಿನ ತೂಕ) ಚಿನ್ನ, ಇಪ್ಪತ್ತು ಕೊಪ್ಪರಿಗೆ, ಹನ್ನೆರಡು ಕುದುರೆ, ಏಳು ಹೆಂಗಸರು, ಬ್ರೈಸೀಸ್ ವಾಪಸ್, ಮೇಲೆ ಮಗಳನ್ನ ಕೊಟ್ಟು ಮದುವೆ, ಏಳು ಊರು. ಪಟ್ಟಿಯ ಕೊನೇಲಿ ಅಗಮೆಮ್ನಾನ್ ಒಂದು ಮಾತು ಸೇರಿಸಿರ್ತಾನೆ, ಅವನು ನನಗೆ ತಗ್ಗಲಿ, ನಾನು ಅವನಿಗಿಂತ ದೊಡ್ಡ ರಾಜ ಅಂತ. ಬಂದವರಲ್ಲಿ ಒಡಿಸ್ಯೂಸ್ ಜಾಣ, ಅಕಿಲೀಸ್‌ನ ಗುಡಾರದಲ್ಲಿ ಕೂತು ಪಟ್ಟಿಯನ್ನೆಲ್ಲ ಹೆಚ್ಚುಕಮ್ಮಿ ಅಕ್ಷರಶಃ ಒಪ್ಪಿಸಿ ಆ ಕೊನೇ ಮಾತನ್ನ ಮಾತ್ರ ನುಂಗ್ತಾನೆ. ಅಕಿಲೀಸ್ ಬಾಯಿ ತೆರೆದ ಕೂಡ್ಲೇ ಹೇಳೋದು ಮನಸ್ಸಲ್ಲಿ ಒಂದು ಇಟ್ಕೊಂಡು ಇನ್ನೊಂದು ಮಾತಾಡೋನು ನಂಗೆ ಪಾತಾಳದ ಬಾಗಿಲಷ್ಟೇ ಅಸಹ್ಯ ಅಂತ. ಅವನು ಉಡುಗೊರೆ ಬೇಡ ಅಂದಿದ್ದರಲ್ಲಿ ನ್ಯಾಯ ಇದೆ, ಕ್ಷಮೆ ಕೇಳದೇ ಸಾಮಾನು ಕಳಿಸಿದಾರೆ. ಆದ್ರೆ ಆಮೇಲೆ ಅವನನ್ನ ಎತ್ತಿ ಆಡಿಸಿದ ಮುದುಕ ಫೀನಿಕ್ಸ್ ಬೇಡ್ಕೋತಾನೆ, ಎಜಾಕ್ಸ್ ಉಡುಗೊರೆ ಗಿಡುಗೊರೆ ಬಿಡು, ನಾವು ನಿನ್ನ ಗೆಳೆಯರು, ನಿನ್ನ ಸೂರಿನ ಕೆಳಗೆ ಕೂತಿದೀವಿ ಅಂತ ನೇರ ಮಾತಾಡ್ತಾನೆ. ಒಬ್ಬೊಬ್ರು ಮಾತಾಡಿದಾಗ್ಲೂ ಅಕಿಲೀಸ್ ಸ್ವಲ್ಪ ಸ್ವಲ್ಪ ಸಡಿಲ ಆಗ್ತಾನೆ, ನಾಳೆನೇ ಹೊರಡ್ತೀನಿ ಅಂದೋನು ಬೆಳಿಗ್ಗೆ ನೋಡೋಣ ಅಂತಾನೆ, ಕೊನೆಗೆ ಹೆಕ್ಟರ್ ನನ್ನ ಹಡಗಿನವರೆಗೆ ಬಂದ್ರೆ ಆಗ ಏಳ್ತೀನಿ ಅಂತಾನೆ, ಆದ್ರೆ ಆ ರಾತ್ರಿ ಏಳಲ್ಲ. ಸ್ನೇಹದಿಂದ ಬಂದ ಮಾತನ್ನ ಕೇಳಿಸ್ಕೊಂಡೂ ಎದ್ದು ಬರ್ದೇ ಇದ್ದಿದ್ದು, ತಪ್ಪು ಅಂತಿದ್ರೆ ಅದೇ. ಬೆಲೆ ತೆತ್ತಿದ್ದು ಪ್ಯಾಟ್ರೋಕ್ಲಸ್, ಅಕಿಲೀಸ್ ಬದಲು ಯುದ್ಧಕ್ಕೆ ಹೋಗಿ ಸತ್ತ.

ಪ್ಯಾಟ್ರೋಕ್ಲಸ್ ಸಾಯೋವಾಗ ಯಾರು ಕೊಂದ್ರು ಅಂತ ಒಂದು ಲೆಕ್ಕ ಕೊಡ್ತಾನೆ ನೋಡಿ, ಕೆಟ್ಟ ವಿಧಿ, ಅಪೊಲೊ ದೇವರು, ಮನುಷ್ಯರಲ್ಲಿ ಯೂಫೋರ್ಬಸ್, ಹೆಕ್ಟರ್ ನೀನು ಮೂರನೆಯವನು ಅಂತ. ಎಫ್‌ಐಆರ್‌ನಲ್ಲಿ ಎ-ಒನ್ ಎ-ಟೂ ಬರೆಸಿದ ಹಾಗಿದೆ, ಎಲ್ಲರ ಹೆಸರೂ ಇದೆ, ಒಬ್ಬನ ಹೆಸರಿದ್ದ ಮಾತ್ರಕ್ಕೆ ಇನ್ನೊಬ್ಬ ಬಿಡುಗಡೆ ಆಗಲ್ಲ. (ಹುಷಾರಾಗಿ ಎಣಿಸಿದ್ರೆ ಮೂರಲ್ಲ, ನಾಲ್ಕು ಹೆಸರಿದೆ, ಇದರ ಮೇಲೆ ಪಂಡಿತರು ಬೇಕಾದಷ್ಟು ಜಗಳ ಆಡಿದಾರೆ, ನಿಮಗೆ ಬೇಡ.) ನಿಮ್ಮ ಪ್ರಶ್ನೆಗೆ ಹೋಮರ್‌ನ ಉತ್ತರ ಹೆಚ್ಚುಕಮ್ಮಿ ಇದು. 19ನೇ ಪುಸ್ತಕದಲ್ಲಿ ಅಗಮೆಮ್ನಾನ್ ಎದ್ದು ನಿಂತು ತಪ್ಪು ನಂದಲ್ಲ, ಜ್ಯೂಸ್, ವಿಧಿ, ಕತ್ತಲಲ್ಲಿ ಓಡಾಡೋ ಸೇಡಿನ ದೇವತೆ ಎರಿನಿಸ್ ಸೇರಿ ನನ್ನ ಬುದ್ಧಿ ಕೆಡಿಸಿದ್ರು ಅಂತ ಶುರು ಮಾಡ್ತಾನೆ, ಕೇಳಿದ್ರೆ ಶುದ್ಧ ಪಲಾಯನ ಅನ್ಸತ್ತೆ, ಆದ್ರೆ ಅದೇ ಉಸಿರಲ್ಲಿ ಬುದ್ಧಿ ಕೆಟ್ಟಿದ್ದು ನಂದಾದ್ದರಿಂದ ದಂಡ ಕಟ್ಟೋನೂ ನಾನೇ ಅಂತ ಉಡುಗೊರೆ ಎಲ್ಲ ತರಿಸಿ ಸಭೆ ಮಧ್ಯೆ ಇಡಿಸ್ತಾನೆ. ದೇವರು ಮಾಡಿಸಿದ ಅನ್ನೋದು ನಡೆದದ್ದಕ್ಕೆ ವಿವರಣೆ, ಜವಾಬ್ದಾರಿಯಿಂದ ರಿಯಾಯ್ತಿ ಅಲ್ಲ. ಇ.ಆರ್. ಡಾಡ್ಸ್ ಅನ್ನೋ ವಿದ್ವಾಂಸರು 1951ರಲ್ಲಿ ಅಗಮೆಮ್ನಾನ್‌ನ ಇದೇ ಭಾಷಣ ಹಿಡ್ಕೊಂಡು, ಒಂದೇ ಘಟನೆಗೆ ದೈವದ ಕಾರಣ ಮನುಷ್ಯನ ಕಾರಣ ಎರಡೂ ಒಟ್ಟಿಗೆ ಇರ್ತವೆ ಅನ್ನೋದನ್ನ ಚೆನ್ನಾಗಿ ವಿವರಿಸಿದ್ರು, ಮೇಷ್ಟ್ರು ಕೇಳಿದ್ರೆ ಹೆಸರು ಹೇಳಿ.

ಅಜ್ಜನ ಕರ್ಣ. ಅಜ್ಜ ಹೇಳಿದ್ದು ಅರ್ಧ ಸರಿ. ಸೋಲ್ತೀನಿ ಅಂತ ಗೊತ್ತಿದ್ದೂ ಪಕ್ಷ ಬಿಡದ ಕರ್ಣ, ಹೆಕ್ಟರ್ ಸತ್ತ ಬೆನ್ನಲ್ಲೇ ನಿನ್ನ ಸಾವು ಅಂತ ತಾಯಿ ಅಳ್ತಾ ಹೇಳಿದ್ರೂ ಹಾಗಾದ್ರೆ ಈಗ್ಲೇ ಸಾಯ್ತೀನಿ ಅನ್ನೋ ಅಕಿಲೀಸ್, ಇಬ್ರೂ ಒಂದೇ ಜಾಡು. ವ್ಯತ್ಯಾಸ ಎಲ್ಲಿದೆ ಅಂದ್ರೆ ನಮ್ಮಲ್ಲಿ ಹಣೆಬರಹದ ಹಿಂದೆ ಒಂದು ಲೆಕ್ಕ ಇರತ್ತೆ, ಶಾಪ, ಪೂರ್ವಜನ್ಮದ ಕರ್ಮ, ಯಾವುದೋ ಬಾಕಿ. ಇಲಿಯಡ್‌ನಲ್ಲಿ ಅಂಥಾ ಬಾಕಿ ಇಲ್ಲ, ಜ್ಯೂಸ್‌ನ ಬಾಗಿಲಲ್ಲಿ ಎರಡು ಹೂಜಿ ಇವೆ, ಒಂದರಲ್ಲಿ ಕೇಡು ಒಂದರಲ್ಲಿ ಒಳಿತು, ಅವನು ಬೆರೆಸಿ ಕೊಡ್ತಾನೆ ಅಂತ ಅಕಿಲೀಸ್ ಹೇಳ್ತಾನೆ, ಯಾರಿಗೆ ಯಾಕೆ ಎಷ್ಟು ಅಂತ ಕಾರಣ ಇಲ್ಲ. ಸತ್ತ ಮೇಲೆ ವೀರಸ್ವರ್ಗನೂ ಇಲ್ಲ, ಒಡಿಸ್ಸಿಯ 11ನೇ ಪುಸ್ತಕದಲ್ಲಿ ಅಕಿಲೀಸ್‌ನ ಪ್ರೇತವೇ ಸತ್ತವರಿಗೆಲ್ಲ ರಾಜ ಆಗೋದಕ್ಕಿಂತ ಬಡವನ ಹೊಲದಲ್ಲಿ ಕೂಲಿ ಮಾಡೋದು ವಾಸಿ ಅನ್ನತ್ತೆ. ನಾವು ಕನ್ನಡದೋರು ಇವನನ್ನ ಸುಲಭವಾಗಿ ದುರಂತನಾಯಕ ಮಾಡ್ಬಿಡೋಕೆ ಇನ್ನೊಂದು ಕಾರಣ ಇದೆ, ಬಿ.ಎಂ.ಶ್ರೀ ಗ್ರೀಕ್ ನಾಟಕ ಓದ್ಕೊಂಡು ರನ್ನನ ದುರ್ಯೋಧನನನ್ನ ರುದ್ರನಾಟಕದ ನಾಯಕ ಮಾಡಿ ನಿಲ್ಲಿಸಿದ್ರು, ಅಲ್ಲಿಂದ ಗ್ರೀಕ್ ಅಂದ್ರೆ ನಮ್ ಕ್ಲಾಸುಗಳಲ್ಲಿ ದುರಂತ, ದೋಷ, ಪತನ ಅನ್ನೋದೇ ಕಿವಿಗೆ ಕೂತಿದೆ. ಆ ನಾಟಕಗಳು ಬಂದಿದ್ದು ಕ್ರಿ.ಪೂ. 5ನೇ ಶತಮಾನದಲ್ಲಿ, ಇಲಿಯಡ್ ರೂಪುಗೊಂಡಿದ್ದು ಸುಮಾರು 8ನೇ ಶತಮಾನದಲ್ಲಿ. ಆ ಅಳತೆಗೋಲನ್ನ ಹಿಂದಕ್ಕೆ ತಗೊಂಡು ಹೋಗಿ ಹೋಮರ್‌ಗೆ ಹಿಡಿಯೋವಾಗ ಎಚ್ಚರ ಬೇಕು.

ಪಕ್ಷದ ವಿಷ್ಯಕ್ಕೆ ಬರ್ತೀನಿ. ಅಹಂಕಾರದಿಂದ ಪತನ ಅಂತ ಹೋದ್ರೆ 15 ನಿಮಿಷ ಆರಾಮಾಗಿ ತುಂಬತ್ತೆ, ಮಾರ್ಕ್ಸೂ ಬರ್ಬಹುದು, ಆದ್ರೆ ಓದಿರೋ ಯಾರಾದ್ರೂ 'ಪತನ ಯಾವ ಪುಸ್ತಕದಲ್ಲಿದೆ' ಅಂದ್ರೆ ಸಿಕ್ಕಿಹಾಕ್ಕೋತೀರ. ಎಲ್ಲಾ ವಿಧಿ ಅಂತ ಹೋದ್ರೆ ಅಗಮೆಮ್ನಾನ್ ದಂಡ ಕಟ್ಟಿದ್ದನ್ನೂ, ಒಡಿಸ್ಸಿಯ ಶುರುವಲ್ಲೇ ಜ್ಯೂಸ್ ಮನುಷ್ಯರು ಸುಮ್ಸುಮ್ನೆ ನಮ್ಮನ್ನ ಬೈತಾರೆ, ತಮ್ಮ ಹುಚ್ಚಾಟದಿಂದ ಪಾಲಿಗೆ ಬಂದಿದ್ದಕ್ಕಿಂತ ಹೆಚ್ಚಿನ ಕಷ್ಟ ತಂದ್ಕೋತಾರೆ ಅಂತ ಗೊಣಗೋದನ್ನೂ ಮುಚ್ಚಿಡ್ಬೇಕಾಗತ್ತೆ. ಎರಡೂ ಇದೆ ಅನ್ನೋದು ಸರಿಯಾದ ಉತ್ತರ, ಆದ್ರೆ ಅಷ್ಟೇ ಹೇಳಿ ಕೂತ್ರೆ ಯಾರಿಗೂ ನೋವಾಗದ ಹಾಗೆ ಮಾತಾಡಿದ್ರು ಅಂತಾರೆ, ಪಠ್ಯದಿಂದ ಒಂದು ಜಾಗ ಹಿಡಿದು ತೋರಿಸ್ಲೇಬೇಕು. ಅದಕ್ಕೆ ನಾನು ಹೇಳೋದು, ಅಕಿಲೀಸ್‌ನ ಸ್ವಲ್ಪ ಪಕ್ಕಕ್ಕಿಟ್ಟು ಹೆಕ್ಟರ್‌ನ ಹಿಡೀರಿ.

6ನೇ ಪುಸ್ತಕದಲ್ಲಿ ಹೆಂಡ್ತಿ ಆಂಡ್ರೊಮಕಿ ಮಗು ಜೊತೆ ಬಂದು ಹೊರಗೆ ಹೋಗ್ಬೇಡ, ಅಂಜೂರದ ಮರದ ಹತ್ರ ಗೋಡೆ ವೀಕ್ ಇದೆ, ಸೇನೆನ ಅಲ್ಲಿ ನಿಲ್ಸು ಅಂತ ಬೇಡ್ಕೋತಾಳೆ. ಬರೀ ಅಳು ಅಲ್ಲ, ಸರಿಯಾದ ಯುದ್ಧತಂತ್ರನೇ ಹೇಳ್ತಾಳೆ. ಹೆಕ್ಟರ್ ಹೇಳೋದು ನಾನು ಹಿಂದೆ ಸರಿದ್ರೆ ಟ್ರಾಯ್‌ನ ಗಂಡಸರು ಹೆಂಗಸರ ಮುಂದೆ ನಾಚಿಕೆ ಆಗತ್ತೆ ಅಂತ. ಟ್ರಾಯ್ ಒಂದು ದಿನ ಬೀಳತ್ತೆ ಅಂತ್ಲೂ ಅವನಿಗೆ ಗೊತ್ತು, ಅದನ್ನೂ ಅಲ್ಲೇ ಹೇಳ್ತಾನೆ, ವಿಧಿ ಮೀರಿ ಯಾರೂ ನನ್ನ ಕೊಲ್ಲೋಕಾಗಲ್ಲ ಅಂತ ಅವಳಿಗೆ ಸಮಾಧಾನನೂ ಮಾಡ್ತಾನೆ. ಓದಿ ನಮಗೆ ಕಣ್ಣು ತುಂಬತ್ತೆ, ಎಂಥಾ ವೀರ ಅನ್ಸತ್ತೆ.

18ನೇ ಪುಸ್ತಕಕ್ಕೆ ಬನ್ನಿ. ಗೆಳೆಯ ಸತ್ತ ಸಿಟ್ಟಿಗೆ ಅಕಿಲೀಸ್ ಮತ್ತೆ ಎದ್ದಿದಾನೆ, ಹೆಕ್ಟರ್‌ನ ಜೊತೆಗಾರ ಪಾಲಿಡಮಸ್ ಈ ರಾತ್ರಿನೇ ಎಲ್ಲರೂ ಕೋಟೆ ಒಳಗೆ ಹೋಗೋಣ ಅಂತಾನೆ, ಗೆಲುವಿನ ಅಮಲಲ್ಲಿರೋ ಹೆಕ್ಟರ್ ಅವನ ಬಾಯಿ ಮುಚ್ಚಿಸ್ತಾನೆ, ಸೇನೆ ಜೈ ಅನ್ನತ್ತೆ, ಮೂರ್ಖರು, ಅಥೀನಾ ಇವರ ಬುದ್ಧಿ ಕಿತ್ಕೊಂಡಿದ್ಲು ಅಂತಾನೆ ಹೋಮರ್. ಮಾರನೇ ದಿನ ನೂರಾರು ಜನ ಸಾಯ್ತಾರೆ. 22ನೇ ಪುಸ್ತಕದಲ್ಲಿ ಎಲ್ಲರೂ ಒಳಗೆ ಓಡಿ ಆಗಿದೆ, ಹೆಕ್ಟರ್ ಒಬ್ನೇ ಬಾಗಿಲ ಹೊರಗೆ, ಗೋಡೆ ಮೇಲಿಂದ ಅಪ್ಪ ಪ್ರಯಾಮ್ ಕೂದ್ಲು ಕಿತ್ಕೊಂಡು ಕರೀತಾನೆ, ಅಮ್ಮ ಹೆಕ್ಯೂಬಾ ಎದೆ ತೋರ್ಸಿ ಹಾಲುಣಿಸಿದ್ದನ್ನ ನೆನಪು ಮಾಡಿ ಕರೀತಾಳೆ. ಅವನು ತನ್ನಷ್ಟಕ್ಕೆ ಮಾತಾಡ್ಕೋತಾನೆ, ಒಳಗೆ ಹೋದ್ರೆ ಮೊದ್ಲು ಬೈಯೋನೇ ಪಾಲಿಡಮಸ್, ಅವನ ಮಾತು ಕೇಳ್ಲಿಲ್ಲ, ನನ್ನ ದುಡುಕಿಂದ ಜನ ಸತ್ರು, ಈಗ ಟ್ರಾಯ್‌ನ ಗಂಡಸರು ಹೆಂಗಸರ ಮುಂದೆ ನಾಚಿಕೆ ಆಗತ್ತೆ, ನನಗಿಂತ ಕೀಳಾದೋನು ಯಾವನೋ ಹೆಕ್ಟರ್ ತನ್ನ ಬಲ ನಂಬ್ಕೊಂಡು ಸೇನೆ ಹಾಳು ಮಾಡಿದ ಅಂತಾನೆ ಅಂತ. ಗಮನಿಸಿದ್ರಾ? ಆ ನಾಚಿಕೆಯ ಸಾಲು ಗ್ರೀಕ್ ಮೂಲದಲ್ಲಿ ಎರಡೂ ಕಡೆ ಪದಕ್ಕೆ ಪದ ಒಂದೇ. 6ನೇ ಪುಸ್ತಕದಲ್ಲಿ ಅವನನ್ನ ಕೋಟೆಯಿಂದ ಹೊರಗೆ ಕಳಿಸಿದ ಸಾಲೇ 22ರಲ್ಲಿ ವಾಪಸ್ ಒಳಗೆ ಹೋಗೋಕೆ ಬಿಡ್ತಿಲ್ಲ.

ಹಾಗಾದ್ರೆ ಇದು ಗುಣನಾ ದೋಷನಾ? ಗೈಡ್‌ನ 'ಒಳ್ಳೇ ವೀರ, ಆದ್ರೆ ಒಂದು ದೋಷ' ಲೆಕ್ಕ ಇಲ್ಲೇ ಮುರಿಯೋದು, ದೋಷ ಅಂತ ತೆಗೆದುಹಾಕಿದ್ರೆ ಹೆಂಡ್ತಿ ಮುಂದೆ ನಿಂತಿದ್ದ ಆ ವೀರನೂ ಹೋಗ್ತಾನೆ. ವಿಧಿ ಎಲ್ಲಿ ಅಂತ ಕೇಳಿದ್ರೆ ಅದೂ ಪಕ್ಕದಲ್ಲೇ ಇದೆ, ಅಕಿಲೀಸ್ ಹತ್ರ ಬಂದ ತಕ್ಷಣ ಹೆಕ್ಟರ್‌ಗೆ ನಡುಕ ಹುಟ್ಟಿ ಓಡ್ತಾನೆ, ಶಾಂತಿ ಕಾಲದಲ್ಲಿ ಟ್ರಾಯ್‌ನ ಹೆಂಗಸರು ಬಟ್ಟೆ ಒಗೀತಿದ್ದ ಕಲ್ಲಿನ ತೊಟ್ಟಿಗಳ ಪಕ್ಕದಿಂದ ಊರ ಸುತ್ತ ಮೂರು ಸುತ್ತು ಓಡಿ, ನಾಲ್ಕನೇ ಸಲ ಆ ಬುಗ್ಗೆಗಳ ಹತ್ರ ಬಂದಾಗ ಜ್ಯೂಸ್ ಬಂಗಾರದ ತಕ್ಕಡಿ ಎತ್ತುತಾನೆ, ಹೆಕ್ಟರ್‌ನ ಕಡೆ ಕೆಳಗೆ ಇಳಿಯತ್ತೆ, ಅಂದ್ರೆ ಸಾವು ಅವನದು. ಆದ್ರೆ ಅವನು ಬಾಗಿಲ ಹೊರಗೆ ಉಳಿದಿದ್ದಕ್ಕೆ ಅವನೇ ಕೊಟ್ಟ ಕಾರಣವನ್ನ ತಕ್ಕಡಿ ಅಳಿಸಲ್ಲ. ಅಥೀನಾ ತಮ್ಮನ ವೇಷದಲ್ಲಿ ಬಂದು ಮೋಸ ಮಾಡಿದ್ಲು ಅಂತ ಗೊತ್ತಾದ ಮೇಲೂ ಅವನು ಹೇಳೋದು ಸಾವು ಬಂತು, ಸುಮ್ನೆ ಸಾಯಲ್ಲ, ಮುಂದಿನೋರು ಕೇಳೋವಂಥದ್ದು ಒಂದು ಮಾಡಿ ಸಾಯ್ತೀನಿ ಅಂತ, ಹೇಳಿ ಕತ್ತಿ ಹಿರಿದು ನುಗ್ತಾನೆ.

ಅಕಿಲೀಸ್ ಬಗ್ಗೆ ಏನಾದ್ರೂ ಹೇಳ್ಲೇಬೇಕು ಅಂದ್ರೆ 24ನೇ ಪುಸ್ತಕ ಸಾಕು. ಮಗನ ಹೆಣ ಕೇಳೋಕೆ ಪ್ರಯಾಮ್ ರಾತ್ರಿ ಗುಡಾರಕ್ಕೆ ಬಂದು, ತನ್ನ ಮಕ್ಕಳನ್ನ ಕೊಂದ ಕೈಗೆ ಮುತ್ತಿಡ್ತಾನೆ, ಇಬ್ರೂ ಅಳ್ತಾರೆ. ಎಲ್ಲರೂ ಇಲ್ಲಿಗೆ ನಿಲ್ಲಿಸ್ತಾರೆ, ನೀವು ಸ್ವಲ್ಪ ಮುಂದೆ ಹೋಗಿ. ಮುದುಕ ಅವಸರ ಮಾಡಿದಾಗ ಅಕಿಲೀಸ್ ನನ್ನ ಕೆಣಕ್ಬೇಡ, ಶರಣು ಬಂದೋನು ಅಂತ್ಲೂ ನೋಡ್ದೆ ಏನಾದ್ರೂ ಮಾಡ್ಬಿಟ್ಟೇನು ಅಂತ ಗುರ್ ಅಂತಾನೆ, ಆಮೇಲೆ ದಾಸಿಯರಿಗೆ ಹೆಕ್ಟರ್‌ನ ಹೆಣವನ್ನ ಪ್ರಯಾಮ್‌ಗೆ ಕಾಣದ ಹಾಗೆ ದೂರ ಒಯ್ದು ತೊಳೀರಿ ಅಂತಾನೆ, ಯಾಕಂದ್ರೆ ಅಪ್ಪ ಅದನ್ನ ನೋಡಿ ದುಃಖ ತಡೀಲಾರದೆ ಸಿಟ್ಟಾದ್ರೆ ನಾನೂ ಸಿಟ್ಟಾಗಿ ಇವನನ್ನ ಕೊಂದುಬಿಡ್ತೀನೇನೋ ಅಂತ. ಅಹಂಕಾರ ಹೋಗಿಲ್ಲ, ಸಿಟ್ಟೂ ಹೋಗಿಲ್ಲ, ಆದ್ರೆ ಮೊದಲ ಸಲ ಅದನ್ನ ಮುಂಚಿತವಾಗಿ ಲೆಕ್ಕ ಹಾಕಿ ಅಡ್ಡ ನಿಲ್ತಾನೆ, 1ನೇ ಪುಸ್ತಕದಲ್ಲಿ ಈ ಕೆಲ್ಸಕ್ಕೆ ಅಥೀನಾ ಬಂದು ಕೂದ್ಲು ಹಿಡೀಬೇಕಾಗಿತ್ತು. ಅವನ ಸಾವು ಮಾತ್ರ ಹಾಗೇ ಇದೆ, ಒಂದು ದಿನನೂ ಮುಂದಕ್ಕೆ ಹೋಗಿಲ್ಲ.

ಸಮಯ ಕಮ್ಮಿ ಇದ್ರೆ 6, 9, 22, 24 ಇಷ್ಟು ಪುಸ್ತಕ ಪೂರ್ತಿ ಓದಿ, 18 ಮತ್ತೆ 19ರಲ್ಲಿ ನಾನು ಹೇಳಿದ ಭಾಷಣ ಮಾತ್ರ ಸಾಕು. ಮಾತಾಡೋವಾಗ ನಾಚಿಕೆಯ ಆ ಎರಡು ಸಾಲು ಒಂದೇ ಸ್ಲೈಡಲ್ಲಿ ಮೇಲೆ ಕೆಳಗೆ ಹಾಕಿ, ಪುಸ್ತಕ 6 ಸಾಲು 442, ಪುಸ್ತಕ 22 ಸಾಲು 105, ಅನುವಾದ ಯಾವ್ದೇ ಇದ್ರೂ ಹತ್ರದಲ್ಲೇ ಸಿಗತ್ತೆ. ಹಿಮ್ಮಡಿ ಬಗ್ಗೆ ಯಾರಾದ್ರೂ ಕೇಳೇ ಕೇಳ್ತಾರೆ, ಅದಕ್ಕೆ ಸ್ಟೇಷಿಯಸ್ ಅಂತ ಒಂದು ಹೆಸರು ನೆನಪಿಟ್ಕೊಂಡು ಹೋಗಿ.